ಹಿಂದಿನ ದಿನವೇ ಮುಗಿದಿದ್ದ ಬಂದ್

ಬಂದ್ ಶಾಂತಿಯುತವಾಗಿ ನಡೆಯಿತೆಂದು ನಾನು ಬರೆದದ್ದು ಅದರ ಹಿಂದಿನ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ.

ಇದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಆಗ ರಾಮನಗರದ ಸುದ್ದಿ ಬೆಂಗಳೂರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕವರಿನ ಮೇಲೆ 'ಪ್ರೆಸ್, ತುರ್ತು' ಎಂದು ಬರೆದು ಮೈಸೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಆತ ಬೆಂಗಳೂರಿನ ನಿಲ್ದಾಣದಲ್ಲಿ ಅದನ್ನು ಪತ್ರಿಕೆಯ ಡಬ್ಬಕ್ಕೆ ಹಾಕುತ್ತಿದ್ದ. ಬಂದ್ ದಿನ ಬಸ್ಸಿರುವುದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಆ ಕಡೆಯವರು "ದೊಡ್ಡದೇನಾದ್ರೂ ಇದ್ರೆ ಹೇಳಿ, ಇಲ್ಲಾಂದ್ರೆ ಕವರ್ ಕಳ್ಸಿ" ಎಂದು ಇಟ್ಟುಬಿಡುತ್ತಿದ್ದರು. ಆದ್ದರಿಂದ ಬಂದ್ ನಡೆಯುವ ಮೊದಲೇ ನಾವು ಅದನ್ನು ನಡೆಸಿ, ಮುಗಿಸಿ, ಕೊನೆಯ ಬಸ್ಸಿಗೆ ಹಾಕುತ್ತಿದ್ದೆವು. ಊರಲ್ಲಿ ನಾವು ನಾಲ್ಕು ಪತ್ರಿಕೆಗಳ ನಾಲ್ಕು ಜನ ವರದಿಗಾರರು. ಒಬ್ಬ ಬರೆದರೆ ಕಾರ್ಬನ್ ಇಟ್ಟು ನಾಲ್ಕೂ ಪತ್ರಿಕೆಗೆ ಪ್ರತಿ. ಐದನೆಯ ಪ್ರತಿ, ಮಸುಕಾಗಿ ಮೂಡಿದ್ದು, ಬರೆದವನ ಜೇಬಿಗೆ.

ನಮ್ಮ ನಾಲ್ವರಲ್ಲಿ ಹಿರಿಯರಾದವರು ಸೈಕಲ್ ಅಂಗಡಿ ಇಟ್ಟಿದ್ದರು. ಪಂಕ್ಚರ್ ಹಾಕುತ್ತಲೇ ನನಗೆ ಪತ್ರಿಕೋದ್ಯಮ ಕಲಿಸಿದವರು. "ಆದ್ಮೇಲೆ ಬರ್ಯೋಕೆ ಗುಮಾಸ್ತ ಸಾಕು ಕಣಯ್ಯ. ಆಗೋದುನ್ನ ಬರ್ದ್ರೆ ವರದಿಗಾರ" ಎನ್ನುತ್ತಿದ್ದರು. ನಾನು ಚರಿತ್ರೆಯಲ್ಲಿ ಬಿ.ಎ. ಮಾಡಿದ್ದವನು. ಆಗಿಹೋದದ್ದನ್ನು ಹತ್ತು ಅಂಕಕ್ಕೆ ವಿವರಿಸುವುದಷ್ಟೇ ನನಗೆ ಗೊತ್ತಿತ್ತು.

ಫೋಟೋ ಕೂಡ ಮೊದಲೇ ಹೋಗುತ್ತಿತ್ತು. ಅದನ್ನು ಕೊಡುತ್ತಿದ್ದವನು ನನ್ನ ಗೆಳೆಯ, ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವನು. ಎಂದೋ ಒಂದು ಬಂದ್‌ನಲ್ಲಿ ಮುಖ್ಯರಸ್ತೆಯ ಮುಚ್ಚಿದ ಷಟರ್‌ಗಳನ್ನೂ ನಡುರಸ್ತೆಯಲ್ಲಿ ಮಲಗಿದ್ದ ಒಂದು ಹಸುವನ್ನೂ ತೆಗೆದಿದ್ದ. ಅದೇ ನೆಗೆಟಿವ್‌ನಿಂದ ವರ್ಷಗಟ್ಟಲೆ ಪ್ರಿಂಟ್ ಹಾಕಿದ. ಬೆಲೆ ಏರಿಕೆಯ ಬಂದ್‌ಗೂ ಅದೇ ಹಸು, ಭಾಷೆಯ ಬಂದ್‌ಗೂ ಅದೇ ಹಸು. "ಷಟರ್‌ಗೆ ವಯಸ್ಸಾಗಲ್ಲ ಬುಡು" ಎನ್ನುತ್ತಿದ್ದ. ಹಸು ಸತ್ತು ಮೂರು ವರ್ಷವಾಗಿತ್ತು.

ಆ ಸಲದ ಬಂದ್ ನದಿ ನೀರಿನದು. ನೀರು ಕೇಳಿದ್ದು ಗಡಿಯಾಚೆಯ ಸರ್ಕಾರ. ಆದರೆ ಜನರ ಕಣ್ಣು ಬಿದ್ದದ್ದು ಗಡಿಯೀಚೆ ಇದ್ದ ತಮಿಳರ ಮೇಲೆ. ನನ್ನ ಗೆಳೆಯನ ತಾತ ಕಲ್ಲು ಒಡೆಯಲು ಆ ಕಡೆಯಿಂದ ಬಂದವರು. ತಂದೆ ಇಲ್ಲೇ ಹುಟ್ಟಿದವರು, ಇವನೂ ಇಲ್ಲೇ. ಮನೆಯಲ್ಲಿ ಅಜ್ಜಿಯ ಜೊತೆ ಮಾತ್ರ ತಮಿಳು, ಉಳಿದದ್ದೆಲ್ಲ ರಾಮನಗರ. ಆದರೆ ಹೆಸರು ತಾತನದು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದ ಕೂಡಲೇ ಯಾವ ಕಡೆಯವನೆಂದು ತಿಳಿಯುವಂಥದ್ದು.

ಬಂದ್‌ಗೆ ಕರೆ ಕೊಟ್ಟಿದ್ದ ಸಂಘದವರು ಭಾಗವಹಿಸುವವರ ಪಟ್ಟಿಯನ್ನೂ ಹಿಂದಿನ ದಿನವೇ ಕಳಿಸಿದ್ದರು. ಪ್ರತಿಕೃತಿ ದಹನ ಎಷ್ಟು ಗಂಟೆಗೆ, ಭಾವೋದ್ರೇಕಗೊಂಡು ಮಾತಾಡುವವರು ಯಾರು, ಎಲ್ಲ ಅದರಲ್ಲಿತ್ತು. ನಾನು ಸ್ಟುಡಿಯೋದ ಬೆಂಚಿನ ಮೇಲೆ ಕೂತು ಬರೆದೆ. ಗೆಳೆಯ ಹೆಗಲ ಮೇಲಿಂದ ಓದಿದ.

"ನಮ್ಮೋರ್ ಮೇಲೆ ಬಂದ್, ನನ್ ಕೈಲೇ ಫೋಟೋ. ಭೇಷ್."

"ಹಸೂನ ತೆಗೆದು ಬೇರೆ ಹಾಕ್ಲಾ?"

"ಬ್ಯಾಡ ಕಣ್ಲಾ. ಅದೊಂದೇ ಯಾವ್ ಕಡೆಗೂ ಸೇರಿಲ್ಲ."

ಬಂದ್ ದಿನ ನನಗೆ ಕೆಲಸವಿರಲಿಲ್ಲ. ಕೆಲಸ ಆಗಲೇ ಬೆಂಗಳೂರು ಸೇರಿತ್ತು. ಬೆಳಿಗ್ಗೆ ಮೆರವಣಿಗೆ ನಮ್ಮ ವರದಿಯಲ್ಲಿದ್ದಂತೆಯೇ ನಡೆಯಿತು. ಪ್ರತಿಕೃತಿ ಮಾತ್ರ ಒಣಗಿರಲಿಲ್ಲ, ಹೊಗೆಯಾಡಿ ನಿಂತಿತು. ಹನ್ನೊಂದು ಗಂಟೆಯ ಹೊತ್ತಿಗೆ ಸ್ಟುಡಿಯೋಗೆ ಒಂದು ಫೋನ್ ಬಂತು. ಗೆಳೆಯ ಕೇಳಿಸಿಕೊಂಡು ಇಟ್ಟ. ಕೈಲಾಂಚ ದಾಟಿ ಕನಕಪುರದ ಕಡೆ ಹೋಗುವಾಗ ಒಳಗಿನ ಮಣ್ಣುರಸ್ತೆಯಲ್ಲಿ ಒಂದು ಕಲ್ಲು ಕ್ವಾರಿ ಇತ್ತು. ಅಲ್ಲಿ ತಮಿಳು ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಬಿದ್ದಿದೆಯಂತೆ. ಅವನು ಕ್ಯಾಮೆರಾಗೆ ಹೊಸ ರೋಲ್ ಹಾಕತೊಡಗಿದ.

"ವರದಿ ಹೋಗ್ಬಿಟ್ಟಿದೆಯಲ್ಲೋ" ಎಂದೆ. "ಶಾಂತಿಯುತ ಅಂತ ಬರೆದಾಗಿದೆ."

"ಅಂಗಾರೆ ಒಸಿ ಓಗಿ ಶಾಂತಿ ನೋಡ್ಕಂಡು ಬರಾನ, ಬಾ."

ಅವನ ಸ್ಕೂಟರಿನಲ್ಲಿ ಹೋದೆವು. ಅವನು ಓಡಿಸಿದ, ನಾನು ಹಿಂದೆ. ದಾರಿಯಲ್ಲಿ ಹಿಪ್ಪುನೇರಳೆ ತೋಟಗಳಲ್ಲಿ ಜನ ಎಂದಿನಂತೆ ಸೊಪ್ಪು ಕೊಯ್ಯುತ್ತಿದ್ದರು. ರೇಷ್ಮೆ ಹುಳುವಿಗೆ ಬಂದ್ ಇಲ್ಲ.

ಕ್ವಾರಿಯಲ್ಲಿ ಇಪ್ಪತ್ತೋ ಇಪ್ಪತ್ತೈದೋ ಗುಡಿಸಲುಗಳಿದ್ದವು. ಗರಿಯ ಮಾಡುಗಳು ಉರಿದು, ನಿಲ್ಲಿಸಿದ್ದ ಕಡ್ಡಿಗಳಷ್ಟೇ ಕಪ್ಪಗೆ ನಿಂತಿದ್ದವು. ಒಂದು ಒಲೆಯ ಮೇಲೆ ಅನ್ನದ ಮಡಕೆ ಹಾಗೇ ಇತ್ತು. ಕೆತ್ತಿಟ್ಟ ಚಪ್ಪಡಿಗಳು ಮಾತ್ರ ಲಾರಿಗಾಗಿ ಕಾಯುತ್ತ, ಸಾಲು ತಪ್ಪದೆ ಒರಗಿದ್ದವು. ಇವರು ವರ್ಷವಿಡೀ ಕುಡಿದದ್ದು ಆ ಕ್ವಾರಿಯ ಹೊಂಡದ ನೀರು. ನದಿಯ ನೀರನ್ನು ಅವರು ಕಂಡಿದ್ದರೆ ಊರಿಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡಿರಬೇಕು.

ಕೊನೆಯ ಗುಡಿಸಲಿನ ಹತ್ತಿರ ಬಿದ್ದಿದ್ದ ತಗಡಿನ ಕೆಳಗಿಂದ ಎರಡು ಕಾಲು ಕಾಣುತ್ತಿದ್ದವು. ಟೈರಿನ ಚಪ್ಪಲಿ. ಒಂದರ ಪಟ್ಟಿಯನ್ನು ತಂತಿಯಿಂದ ಬಿಗಿದಿತ್ತು. ಓಡಲಾಗದ ಮುದುಕರೊಬ್ಬರು. ನಾನು ಆ ತಂತಿಯನ್ನೇ ನೋಡಿದೆ. ಬೇರೆ ಕಡೆ ನೋಡಿದ್ದರೆ ಏನಾಗುತ್ತಿತ್ತೋ. ನೋಟ್‌ಬುಕ್ ಕೈಯಲ್ಲಿತ್ತು, ಒಂದು ಅಕ್ಷರ ಬರೆಯಲಿಲ್ಲ. ಗೆಳೆಯ ಫೋಟೋ ತೆಗೆಯುತ್ತ ಹೋದ. ಮದುವೆ ಮನೆಯಲ್ಲಿ ತೆಗೆಯುವ ಹಾಗೆಯೇ, ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ.

ಬಂಡೆಯ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಉಳಿದವರು ಅಲ್ಲೇ ಅಡಗಿದ್ದರು. ಅವಳು ತಮಿಳಿನಲ್ಲಿ ಏನೋ ಕೇಳಿದಳು, ಅವನು ತಮಿಳಿನಲ್ಲಿ ಉತ್ತರಿಸಿದ. ತಗಡಿನ ಕಡೆ ನೋಡದೆ ಅವಳು ಇನ್ನೊಂದು ಮಾತು ಕೇಳಿದಳು. ಅದನ್ನು ನನಗೆ ದಾಟಿಸಿದ.

"ಅವ್ಳ ಮಾವ ಅಂತೆ. ಪೇಪರಲ್ಲಿ ಬತ್ತದಾ ಅಂತಾವ್ಳೆ."

"ಬರುತ್ತೆ ಅಂತ ಹೇಳು" ಎಂದೆ.

ವಾಪಸ್ ಬರುವಾಗ, ಮಣ್ಣುರಸ್ತೆ ಮುಖ್ಯರಸ್ತೆಗೆ ಸೇರುವಲ್ಲಿ ಹುಣಿಸೆಮರಗಳ ಕೆಳಗೆ ಒಂದು ಟೆಂಪೋ ಅಡ್ಡ ನಿಂತಿತ್ತು. ಕೈಯಲ್ಲಿ ದೊಣ್ಣೆ ಹಿಡಿದ ಹದಿನಾಲ್ಕು ಜನ. ಅವರ ಊರು ಯಾವುದೆಂದು ಆಮೇಲೆ ತಿಳಿಯಿತು, ಬರೆಯುವುದಿಲ್ಲ. ಅಲ್ಲಿ ನನಗೆ ನೆಂಟರಿದ್ದಾರೆ. ಗೆಳೆಯ ಸ್ಕೂಟರ್ ನಿಲ್ಲಿಸಿದ. ದಪ್ಪ ಮೀಸೆಯವನೊಬ್ಬ ಮುಂದೆ ಬಂದ. ಅವನ ಕೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಈಗಲೂ ಯಾರಾದರೂ ಸ್ಟೌವ್ ಹಚ್ಚಿದರೆ ನಾನು ಮೊದಲು ಬಾಗಿಲು ಯಾವ ಕಡೆ ಇದೆ ಎಂದು ನೋಡುತ್ತೇನೆ.

"ಯಾವೂರ್ಲಾ?"

"ರಾಮನಗರ ಅಣ್ಣ. ಪ್ರೆಸ್" ಎಂದೆ.

"ಗಾಡಿ ಓಡ್ಸೋನು?"

"ಅವನೂ ಪ್ರೆಸ್ಸೇ. ಫೋಟೋ ತೆಗಿಯೋನು."

"ಕಸುಬು ಯಾವನ್ ಕೇಳ್ದ? ಹೆಸ್ರೇನು?"

ನಾನು ನನ್ನ ತಮ್ಮನ ಹೆಸರು ಹೇಳಿದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅದೊಂದೇ. "ನನ್ ತಮ್ಮ ಅಣ್ಣ. ಕೈಲಾಂಚದ ಪಕ್ಕ ನಮ್ಮೂರು" ಎಂದು ಊರಿನ ಹೆಸರನ್ನೂ ಸೇರಿಸಿದೆ.

ಹಿಂದಿದ್ದವನೊಬ್ಬ ಕತ್ತು ಚಾಚಿದ. "ಆ ಊರ್‌ಗೆ ನಮ್ಮಕ್ಕುನ್ನ ಕೊಟ್ಟೈತೆ. ಯಾರ್ ಮಕ್ಳು ನೀವು?"

ನನ್ನ ಅಪ್ಪನ ಹೆಸರು ನನಗೆ ನೆನಪಾಗಲಿಲ್ಲ. ಇದು ಅತಿಶಯೋಕ್ತಿಯಲ್ಲ. ಬಾಯಿ ತೆರೆದೆ, ಅಷ್ಟೇ. ಹೇಳಿದವನು ಗೆಳೆಯ. ಸ್ಕೂಟರಿನ ಮೇಲೆ ಕೂತೇ ನನ್ನ ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿದ. "ಅರಳೀಕಟ್ಟೆ ಮುಂದ್ಲ ಮನೆ ಕಣಣ್ಣ. ಮುಂದ್ಗಡೆ ಸೀಮೆ ಹಸ ಕಟ್ಟಾಕಿರ್ತದಲ್ಲ, ಹಾಯೋದು, ಅದೇಯ. ನಿಮ್ಮಕ್ಕನ್ ಮನೆ ಡೈರಿ ಪಕ್ಕುದ್ದಾ?"

"ಊಂ ಕಣಪ್ಪ, ಡೈರಿ ಪಕ್ಕವೇ" ಎಂದು ಆತ ಖುಷಿಯಾದ.

ಪ್ರತಿ ಯುಗಾದಿಗೂ ನಮ್ಮ ಮನೆಯಲ್ಲಿ ಉಂಡವನು ಗೆಳೆಯ. ನಮ್ಮ ಹಸು ಅವನನ್ನು ಎರಡು ಸಲ ಹಾಯ್ದಿತ್ತು.

ಮೀಸೆಯವನಿಗೆ ಅಷ್ಟು ಸಾಲದು. "ಪ್ರೆಸ್ಸು ಅಂದ್ಯಲ್ಲ, ಏನ್ ಬರ್ದಿದ್ದೀಯ ನಮ್ ಬಗ್ಗೆ? ಕ್ವಾರಿ ಕಡೆಯಿಂದ ಬರ್ತಾ ಇದ್ದೀಯ."

ಜೇಬಿನಲ್ಲಿ ಐದನೆಯ ಪ್ರತಿ ಇತ್ತು. ತೆಗೆದುಕೊಟ್ಟೆ. ಅವರಲ್ಲಿ ಓದು ಬಲ್ಲವನೊಬ್ಬ ಬಿಸಿಲಿಗೆ ಹಿಡಿದು ಜೋರಾಗಿ ಓದಿದ: ಬಂದ್ ಶಾಂತಿಯುತವಾಗಿ ನಡೆಯಿತು, ಸಾರ್ವಜನಿಕರು ಸ್ವಯಂಪ್ರೇರಿತರಾಗಿ ಬೆಂಬಲ ನೀಡಿದರು, ಯಾವುದೇ ಅಹಿತಕರ ಘಟನೆ ನಡೆಯಲಿಲ್ಲ. ಎಲ್ಲರೂ ತಲೆದೂಗಿದರು. ಬೆಂಕಿ ಹಚ್ಚಿ ಎರಡು ಗಂಟೆಯಾಗಿರಲಿಲ್ಲ, ಆ ವಾಕ್ಯದಲ್ಲಿ ಒಬ್ಬನಿಗೂ ತಪ್ಪು ಕಾಣಲಿಲ್ಲ. ಆಮೇಲೆ ಭಾಗವಹಿಸಿದ್ದವರ ಹೆಸರುಗಳು ಬಂದವು. ಓದುವವನ ದನಿ ನಿಧಾನವಾಯಿತು.

"ಎಲ್ಲಾ ರಾಮನಗರದೋರ್ದೇ. ನಮ್ ಹೆಸ್ರು?"

"ಬೆಳಗ್ಗಿಂದ ಬಿಸ್ಲಲ್ ಸಾಯ್ತಾ ಇರೋರು ನಾವು" ಎಂದ ಇನ್ನೊಬ್ಬ. "ಅಲ್ಲಿ ಟೀ ಕುಡ್ಕಂಡ್ ಕೂತಿರೋರ್ ಹೆಸ್ರು ಪೇಪರ್‌ಗೆ."

ಮೀಸೆಯವನು ಕಾಗದವನ್ನು ನನಗೇ ವಾಪಸ್ ಕೊಟ್ಟ. "ಬರ್ಕೊ."

ನಾನು ಕಾರ್ಬನ್ ಪ್ರತಿಯ ಬೆನ್ನಿನ ಮೇಲೆ, ಸ್ಕೂಟರಿನ ಸೀಟನ್ನು ಮೇಜು ಮಾಡಿಕೊಂಡು, ಕೊಲೆಗಾರರ ಹೆಸರುಗಳನ್ನು ಅವರೇ ಹೇಳಿದಂತೆ ಬರೆದುಕೊಂಡೆ. ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. "ಇನಿಷಿಯಲ್ ಹಾಕು, ನಮ್ಮೂರಲ್ಲಿ ಆ ಹೆಸ್ರುನೋರು ಇಬ್ರವ್ರೆ." "ನನ್ ಮುಂದೆ ಮುಖಂಡರು ಅಂತ ಹಾಕಪ್ಪ." ಅವನಿಗೆ ಹಾಕಿದ ಮೇಲೆ ಎಲ್ಲರಿಗೂ ಹಾಕಬೇಕಾಯಿತು. ಹದಿನಾಲ್ಕು ಮುಖಂಡರು, ಅನುಯಾಯಿ ಒಬ್ಬನೂ ಇಲ್ಲ. ಕೊನೆಗೆ ಡೈರಿ ಪಕ್ಕದ ಅಕ್ಕನ ತಮ್ಮ ಗೆಳೆಯನ ಬೆನ್ನು ತಟ್ಟಿ, "ಇವ್ನೂ ನಮ್ಮೋನೇ ಕಣ್ರಲಾ, ಇವುನ್ದೂ ಸೇರ್ಸ್ಕಳ್ಳಿ" ಎಂದ. ಹದಿನೈದನೆಯದಾಗಿ ನನ್ನ ತಮ್ಮನ ಹೆಸರು ಬರೆದೆ. ಎದುರಿಗೇ ನಿಂತು ನೋಡುತ್ತಿದ್ದರು, ಬಿಡುವಂತಿರಲಿಲ್ಲ.

ಹೆಸರಾದ ಮೇಲೆ ಫೋಟೋ. ಗೆಳೆಯ ಸ್ಕೂಟರಿನಿಂದ ಇಳಿದ. ಕ್ಯಾಮೆರಾ ನೋಡಿದ, ರೋಲಿನಲ್ಲಿ ಎರಡು ಉಳಿದಿದ್ದವು. ಮೊದಲಿನ ಮೂವತ್ತನಾಲ್ಕರಲ್ಲಿ ಏನಿದೆಯೆಂದು ನಮ್ಮಿಬ್ಬರಿಗೆ ಗೊತ್ತಿತ್ತು. ಅವರಿಗೆ ಕೇಳಬೇಕೆನಿಸಲಿಲ್ಲ. ಎತ್ತರದವರನ್ನು ಹಿಂದಕ್ಕೆ ಕಳಿಸಿದ, ಇಬ್ಬರನ್ನು ಮುಂದೆ ಕುಕ್ಕರಗಾಲಲ್ಲಿ ಕೂರಿಸಿದ.

"ಒಸಿ ಹತ್ರ ಬನ್ನಿ ಅಣ್ಣ. ಆ ದೊಣ್ಣೆ ಒಸಿ ಕೆಳಗೆ, ಮಕಕ್ಕೆ ಅಡ್ಡ ಬತ್ತದೆ. ಗಲ್ಲ ಕೆಳಗೆ. ಕಣ್ಣು ಮುಚ್ಬ್ಯಾಡಿ."

ಎರಡು ತೆಗೆದ. "ಒಂದ್ ಕೆಟ್ರೂ ಇನ್ನೊಂದಿರ್ಲಿ" ಎಂದ.

"ಯಾವತ್ತು ಬತ್ತದೆ?"

"ನಾಳಿಕ್ಕೆ."

ಸ್ಟುಡಿಯೋ ತಲುಪಿ ಗೆಳೆಯ ಷಟರ್ ಎಳೆದುಕೊಂಡ. ರೋಲನ್ನು ಕ್ಯಾಮೆರಾದಿಂದ ತೆಗೆದು ಡಬ್ಬಿಗೆ ಹಾಕಿ ಮುಚ್ಚಿದ. ಆಮೇಲೆ ನನ್ನ ಕಡೆ ನೋಡಿ, "ಅಪ್ಪನ್ ಹೆಸ್ರೇ ಮರ್ತೋಯ್ತಲ್ಲೋ ನಿಂಗೆ" ಎಂದ. ಇಬ್ಬರೂ ನಕ್ಕೆವು. ಅಷ್ಟು ಕೆಟ್ಟದಾಗಿ ನಾನು ಮತ್ತೆಂದೂ ನಕ್ಕಿಲ್ಲ.

ಪತ್ರಿಕೆಗೆ ಫೋನ್ ಮಾಡಿದೆ. ಕ್ವಾರಿ, ಗುಡಿಸಲು, ಮುದುಕರು, ಎಲ್ಲ ಹೇಳಿದೆ. ಆ ಕಡೆಯವರು ತಾಳ್ಮೆಯಿಂದ ಕೇಳಿಸಿಕೊಂಡರು.

"ನಿಮ್ಮ ವರದಿ ಆಗಲೇ ಪುಟಕ್ಕೆ ಹೋಗಿದೆಯಲ್ಲ. ಅಹಿತಕರ ಘಟನೆ ಇಲ್ಲ ಅಂತ ನೀವೇ ಬರೆದಿದ್ದೀರಿ. ಬೇರೆ ಪೇಪರ್‌ನವರ ಹತ್ತಿರವೂ ಹಾಗೇ ಇದೆಯಂತೆ."

"ಸಾರ್, ಅದು ನಿನ್ನೆ ಬರೆದದ್ದು."

"ನಿನ್ನೆಯ ಡೇಟ್ ಹಾಕಿಲ್ಲವಲ್ಲ. ಪೊಲೀಸರು ಖಚಿತಪಡಿಸಿದ್ದಾರಾ?"

ಮರುದಿನ ನಾಲ್ಕೂ ಪತ್ರಿಕೆಗಳಲ್ಲಿ ಬಂದ್ ಶಾಂತಿಯುತವಾಗಿತ್ತು. ಮುಚ್ಚಿದ ಷಟರ್‌ಗಳ ನಡುವೆ ಸತ್ತ ಹಸು ನೆಮ್ಮದಿಯಾಗಿ ಮಲಗಿತ್ತು. ಅದೇ ಪತ್ರಿಕೆಯ ವಿದೇಶಿ ಸುದ್ದಿಯ ಪುಟದಲ್ಲಿ ಯಾವುದೋ ದೂರದ ದೇಶದ 'ನರಮೇಧ'ದ ಬಗ್ಗೆ ಉದ್ದನೆಯ ಲೇಖನವಿತ್ತು. ಆ ಮಾತನ್ನು ನಮ್ಮ ಕ್ವಾರಿಗೆ ನಾನು ಬಳಸುವುದಿಲ್ಲ, ಅಳತೆ ದೊಡ್ಡದು. ಆದರೆ ಹೆಸರು ಕೇಳಿ ಕೊಲ್ಲುವ ಕೆಲಸ ಎಲ್ಲಿಂದ ಶುರುವಾಗುತ್ತದೆಂದು ಈಗ ನನಗೆ ಗೊತ್ತು. ಹುಣಿಸೆಮರದ ಕೆಳಗೆ, ಅಕ್ಕನನ್ನು ಯಾವ ಊರಿಗೆ ಕೊಟ್ಟಿದೆಯೆಂಬ ಮಾತಿನ ನಡುವೆ. ಗಡಿಯಾಚೆ ನಮ್ಮವರಿಗೂ ಹೀಗೇ ಆಯಿತೆಂದು ಆಮೇಲೆ ಕೇಳಿದೆ. ಅಲ್ಲಿಯ ಪತ್ರಿಕೆಗಳಲ್ಲೂ ಅದು ಶಾಂತಿಯುತವಾಗಿಯೇ ಇದ್ದಿರಬೇಕು.

ಗೆಳೆಯ ಪ್ರಿಂಟ್ ಹಾಕಿ ಒಣಗಿಸಿದ್ದ. "ಪಟ್ಟಿ ಐತೆ, ಫೋಟೋ ಐತೆ, ಒಂದೇ ರೋಲು. ಇನ್ನೇನ್ ಬೇಕು? ನಡಿ ಸ್ಟೇಷನ್‌ಗೆ."

ಠಾಣೆಯ ಅಧಿಕಾರಿ ಸಭ್ಯರು. ಕೂರಿಸಿ ಟೀ ತರಿಸಿದರು. ಮೊದಲು ಮೇಜಿನ ಮೇಲಿದ್ದ ಪತ್ರಿಕೆ ತೋರಿಸಿದರು. "ಪೇಪರಲ್ಲೇ ಇಲ್ಲವಲ್ಲ ಸಾರ್." ಪೊಲೀಸರು ಖಚಿತಪಡಿಸದೆ ಪತ್ರಿಕೆ ಬರೆಯುವುದಿಲ್ಲ, ಪತ್ರಿಕೆ ಬರೆಯದೆ ಪೊಲೀಸರು ಖಚಿತಪಡಿಸುವುದಿಲ್ಲ. ಎರಡರ ನಡುವೆ ಮುದುಕರು ತಗಡಿನ ಕೆಳಗೆ ಇದ್ದರು. ಆಮೇಲೆ ಫೋಟೋಗಳನ್ನು ತಿರುವಿಹಾಕಿ, ಫೋಟೋದಲ್ಲಿ ಹೆಸರಿರುವುದಿಲ್ಲವೆಂದು ಪಕ್ಕಕ್ಕಿಟ್ಟು, ಪಟ್ಟಿಯನ್ನು ಎರಡು ಸಲ ಓದಿದರು.

"ಇದು ನಿಮ್ಮ ಕೈಬರಹ ತಾನೆ? ಸರಿ. ವರದಿ ಹಿಂದಿನ ದಿನ ಬರೆದದ್ದು, ಪಟ್ಟಿ ಸ್ಥಳದಲ್ಲೇ ಬರೆದದ್ದು ಅಂತ ಒಂದು ಹೇಳಿಕೆ ಕೊಡಿ. ಹದಿನೈದೂ ಜನರನ್ನ ಕರೆಸ್ತೀನಿ." ಬೆರಳು ಕೊನೆಯ ಸಾಲಿಗೆ ಬಂತು. "ಇದು ನಿಮ್ಮೂರೇ ಅಲ್ವ? ನಿಮ್ಮ ಇನಿಷಿಯಲ್ಲೇ ಇದೆ."

"ಅದು ನನ್ನ ತಮ್ಮ. ಅವನು ಅಲ್ಲಿರಲಿಲ್ಲ ಸಾರ್."

"ಹಾಗಾದ್ರೆ ಪಟ್ಟಿ ಸುಳ್ಳು. ಒಂದು ಹೆಸರು ಸುಳ್ಳಾದ್ರೆ ಹದಿನೈದೂ ಸುಳ್ಳು. ನಿಜ ಆದ್ರೆ ಹದಿನೈದೂ ನಿಜ. ನೀವೇ ಹೇಳಿ."

ತಮ್ಮ ಆ ತಿಂಗಳಷ್ಟೇ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಓಟ, ಜಿಗಿತ ಎಲ್ಲ ಪಾಸು ಮಾಡಿ, ನಡತೆಯ ಪತ್ರಕ್ಕೆ ಕಾಯುತ್ತಿದ್ದ. ಅದು ಬರಬೇಕಾದದ್ದು ಇದೇ ಮೇಜಿನಿಂದ. ಹೇಳಿಕೆಯ ಹಾಳೆ ನನ್ನ ಮುಂದಿತ್ತು, ಪೆನ್ನೂ ಇತ್ತು. ನಾನು ಟೀ ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

ಪಟ್ಟಿಯನ್ನು ಮಡಚಿ ನನ್ನ ಜೇಬಿಗೆ ಇಟ್ಟವನು ಗೆಳೆಯ. "ಬುಡಿ ಸಾರ್" ಎಂದ. "ಏನೂ ನಡ್ದಿಲ್ಲ."

ಹೊರಗೆ ಬಂದ ಮೇಲೆ ನಾನು ಏನೋ ಹೇಳಲು ಹೋದೆ. ಅವನು ಸ್ಕೂಟರಿಗೆ ಒದೆಯುತ್ತಲೇ ಅಂದ: "ಅವ್ನ್ ಹೆಸ್ರಲ್ಲಿ ಬದ್ಕ್ಬಂದೋನು ಕಣ್ಲಾ ನಾನು. ಅವ್ನ್ ಮೇಲೇ ಕೇಸ್ ಹಾಕ್ಸಾಕಾಯ್ತದಾ?" ಬೈದಿದ್ದರೆ ಚೆನ್ನಾಗಿತ್ತು. ಮೂವತ್ತು ವರ್ಷದಿಂದ ಅದಕ್ಕಾಗಿ ಕಾಯುತ್ತಿದ್ದೇನೆ.

ಕ್ವಾರಿಯಲ್ಲಿ ಉಳಿದವರು ಉಯ್ಯಂಬಳ್ಳಿ ದಾರಿ ಹಿಡಿದು ಗಡಿಯ ಕಡೆ ನಡೆದುಹೋದರೆಂದು ಕೇಳಿದೆ. ಆ ಹೆಂಗಸು ಅವರ ಜೊತೆ ಇದ್ದಳೋ ಇಲ್ಲವೋ ಗೊತ್ತಿಲ್ಲ. ತಮ್ಮನಿಗೆ ಕೆಲಸ ಸಿಕ್ಕಿತು. ಮುಂದೆ ಎಷ್ಟೋ ಬಂದ್‌ಗಳಿಗೆ ಬಂದೋಬಸ್ತ್‌ಗೆ ನಿಂತ. ಅವನ ಹೆಸರು ಒಂದು ಮಧ್ಯಾಹ್ನ ಎಲ್ಲಿತ್ತೆಂದು ಅವನಿಗೆ ಇಂದಿಗೂ ಹೇಳಿಲ್ಲ.

ಹದಿನೈದು ದಿನದ ಮೇಲೆ ಮೀಸೆಯವನು ಸ್ಟುಡಿಯೋ ಹುಡುಕಿಕೊಂಡು ಬಂದನಂತೆ. ಪೇಪರಲ್ಲಿ ಬರಲಿಲ್ಲವೆಂದು ಬೇಸರ ಮಾಡಿಕೊಂಡು, ಮನೆಗಾದರೂ ಒಂದು ಪ್ರಿಂಟ್ ಬೇಕೆಂದನಂತೆ. ಗೆಳೆಯ ಕೊಟ್ಟ. ನಾನು ರೇಗಿದೆ. "ಬಂದೋರ್ಗೆ ಪ್ರಿಂಟ್ ಕೊಡೋದು ನನ್ ಕಸುಬು" ಎಂದ. ಕೆಲವು ವರ್ಷದ ಮೇಲೆ ಆ ಊರಿಗೆ ನೆಂಟರ ಮದುವೆಗೆ ಹೋದಾಗ ಒಂದು ಪಡಸಾಲೆಯಲ್ಲಿ ನನ್ನನ್ನು ಊಟಕ್ಕೆ ಕೂರಿಸಿದರು. ಎದುರಿನ ಗೋಡೆಯ ಮೇಲೆ, ಕೆಂಗಲ್ ಆಂಜನೇಯನ ಪಕ್ಕ, ಕಟ್ಟು ಹಾಕಿಸಿದ ಗ್ರೂಪ್ ಫೋಟೋ. ದೊಣ್ಣೆಗಳು ಕೆಳಗೆ, ಗಲ್ಲಗಳು ಕೆಳಗೆ, ಒಬ್ಬನೂ ಕಣ್ಣು ಮುಚ್ಚಿಲ್ಲ. ಒಳ್ಳೆಯ ಫೋಟೋ. ಹೋಳಿಗೆ ಬಡಿಸಿದರು, ತಿಂದೆ.

ಈಗ ಇದನ್ನು ಬರೆದಿದ್ದೇನೆ. ಒಂದು ಘಟನೆ ನಡೆದ ಮೇಲೆ ನಾನು ಬರೆದ ಮೊದಲ ಬಂದ್ ವರದಿ ಇದು. ಮೂವತ್ತು ವರ್ಷ ತಡವಾದರೂ. ಪ್ರಕಟಿಸುವವರು ಲೇಖಕರ ಭಾವಚಿತ್ರ ಬೇಕೆಂದರು. ಮೊನ್ನೆ ಸ್ಟುಡಿಯೋಗೆ ಹೋದೆ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ. ಬೋರ್ಡಿನ ಮೇಲೆ ಈಗಲೂ ತಾತನ ಹೆಸರೇ.

"ಏನಕ್ಕೆ ಫೋಟೋ?"

"ಆ ಬಂದ್ ಬಗ್ಗೆ ಬರೆದಿದ್ದೀನಿ. ಎಲ್ಲಾನೂ. ತಮ್ಮನ ಹೆಸರಿನದೂ."

ಅವನು ದೀಪ ಹಚ್ಚಿದ. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಕ್ಯಾಮೆರಾದ ಹಿಂದೆ ಹೋಗಿ ನಿಂತ ಮೇಲೆ ಕೇಳಿದ:

"ಪೇಪರಲ್ಲಿ ಬತ್ತದಾ?"

ಬರುತ್ತೆ ಎನ್ನಲು ಬಾಯಿ ತೆರೆದೆ. ಆ ಮಾತನ್ನು ಕ್ವಾರಿಯಲ್ಲಿ ಒಂದು ಸಲ ಹೇಳಿ ಆಗಿತ್ತು.

"ಮಾತಾಡ್ಬ್ಯಾಡ" ಎಂದ ಅವನು. "ಗಲ್ಲ ಒಸಿ ಕೆಳಗೆ. ಕಣ್ಣು ಮುಚ್ಬ್ಯಾಡ."